ಖಾಲಿ ಪಾತಿ, ತುಂಬಿದ ಪಟ್ಟಿ

ಚಳಿಗಾಲದ ಕೊನೆಯಲ್ಲಿ ಕಾಣುವಷ್ಟು ದೊಡ್ಡದಾಗಿ ಕೈತೋಟ ವರ್ಷದಲ್ಲಿ ಇನ್ಯಾವಾಗಲೂ ಕಾಣುವುದಿಲ್ಲ. ಹಳೆಯ ಗಿಡಗಳೆಲ್ಲ ಗೊಬ್ಬರದ ಗುಂಡಿ ಸೇರಿರುತ್ತವೆ. ಪಾತಿಗಳು ಖಾಲಿ. ಬರೀ ಮಣ್ಣನ್ನು ನೋಡುತ್ತಾ ನಿಂತರೆ ಇಲ್ಲಿ ಏನು ಬೇಕಾದರೂ ಬೆಳೆಯಬಹುದು ಅನಿಸುತ್ತದೆ. ಟೊಮೆಟೊ ಇರಲಿ, ಸೌತೆ ಇರಲಿ, ಆ ಮೂಲೆಗೊಂದು ಕುಂಬಳ. ಪಟ್ಟಿಯಲ್ಲಿ ಕುಂಬಳ ಕೇಳುವುದು ಮೂರೇ ಅಕ್ಷರದ ಜಾಗ. ಮಣ್ಣಿಗಿಳಿದ ಮೇಲೆ ಅದು ಮೀಟರುಗಟ್ಟಲೆ ಹರಿದು, ಪಕ್ಕದ ಪಾತಿಯವರನ್ನೆಲ್ಲ ಮಾತಾಡಿಸಿಕೊಂಡು, ಬೇಲಿ ಹತ್ತಿ ಆಚೆ ಇಣುಕುತ್ತದೆ.

ಈ ಹೊತ್ತಿನಲ್ಲಿ ಬೀಜ ಆರಿಸುವುದೆಂದರೆ ಹಸಿದವರನ್ನು ಸಂತೆಗೆ ಕಳಿಸಿದ ಹಾಗೆ. ಕಂಡದ್ದೆಲ್ಲ ಬೇಕು. ಪೊಟ್ಟಣದ ಮೇಲಿನ ಚಿತ್ರಗಳೂ ಸುಮ್ನೆ ಇರುವುದಿಲ್ಲ. ಹುಳು ಕೊರೆದ ಬದನೆಕಾಯಿಯ ಚಿತ್ರ ಹಾಕಿದ ಪೊಟ್ಟಣವನ್ನು ಯಾರಾದರೂ ಕಂಡಿದ್ದೀರಾ? ಎಷ್ಟು ಆಳ, ಎಷ್ಟು ಅಂತರ, ಎಷ್ಟು ದಿನ ಅನ್ನುವುದೆಲ್ಲ ಹಿಂಬದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಆರಿಸುವವರು ಮುಂಬದಿ ನೋಡುತ್ತಾರೆ. ಬಿರುಬಿಸಿಲಲ್ಲಿ ನೀರು ಹಾಕುವವರಿಗೆ ಹಿಂಬದಿ ಗತಿ. ಇಬ್ಬರೂ ಒಬ್ಬರೇ ಆಗಿರುವುದರಿಂದ ಜಗಳಕ್ಕೂ ದಾರಿಯಿಲ್ಲ.

ಹೊಸದನ್ನು ತರುವ ಮೊದಲು ಡಬ್ಬಿಯ ತಳದಲ್ಲಿರುವ ಹಳೆಯ ಪೊಟ್ಟಣಗಳನ್ನು ವಿಚಾರಿಸಿಕೊಳ್ಳಬೇಕು. ಈರುಳ್ಳಿ ಬೀಜಕ್ಕೆ ಆಯಸ್ಸು ಕಡಿಮೆ, ಒಂದೆರಡು ವರ್ಷ ಅಷ್ಟೇ. ಟೊಮೆಟೊ, ಸೌತೆ ಬೀಜಗಳನ್ನು ತಂಪಾದ, ಒಣ ಜಾಗದಲ್ಲಿಟ್ಟರೆ 4–5 ವರ್ಷವಾದರೂ ಜೀವ ಹಿಡಿದಿರುತ್ತವೆ. ಅನುಮಾನವಿದ್ದರೆ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಕಡೆ ಇಡಿ. ಎಂಟು ಮೊಳೆತರೆ ಭೇಷ್. ಎರಡೋ ಮೂರೋ ಮೊಳೆತರೆ ಆ ಪೊಟ್ಟಣ ಎಸೆಯಬಹುದು. ಎಸೆಯುವವರು ಕಡಿಮೆ ಬಿಡಿ. ಮತ್ತೆ ಡಬ್ಬಿಗೇ ಹೋಗುತ್ತದೆ.

ಇನ್ನು ಬಿಸಿಲು. ಚಳಿಗಾಲದ ಬಿಸಿಲನ್ನು ನಂಬಿ ಜಾಗ ಗೊತ್ತುಮಾಡುವುದು ಕಷ್ಟ. ಸೂರ್ಯ ಆಗ ತಗ್ಗಿನಲ್ಲೇ ಓಡಾಡಿಕೊಂಡಿರುತ್ತಾನೆ, ಗೋಡೆಯ ನೆರಳು ಉದ್ದಕ್ಕೆ ಚಾಚಿರುತ್ತದೆ. ಈಗ ನೆರಳಲ್ಲಿರುವ ಮೂಲೆಗೆ ಮುಂದೆ ಒಳ್ಳೆಯ ಬಿಸಿಲು ಬರಬಹುದು. ಎಲೆ ಉದುರಿಸಿ ಬೋಳಾಗಿ ನಿಂತ ಮರದ ಕೆಳಗೆ ಈಗ ಧಾರಾಳ ಬೆಳಕಿದೆ ಅಂತ ಮೆಣಸಿನ ಗಿಡ ಇಟ್ಟರೆ, ಅದು ಹೂ ಬಿಡುವ ಹೊತ್ತಿಗೆ ಮರ ಚಿಗುರಿ ಕೊಡೆ ಬಿಚ್ಚಿರುತ್ತದೆ. ಟೊಮೆಟೊ, ಮೆಣಸು, ಬದನೆ, ಸೌತೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪುಗಳು ಅಷ್ಟು ಹಟ ಮಾಡುವುದಿಲ್ಲ, ಮೂರು ನಾಲ್ಕು ಗಂಟೆಯಲ್ಲೂ ಸಂಸಾರ ತೂಗಿಸುತ್ತವೆ.

ಬೀಜಗಳಿಗೂ ಒಂದೊಂದು ಸ್ವಭಾವ. ಬಟಾಣಿ ಮಣ್ಣು ಐದಾರು ಡಿಗ್ರಿ ಇದ್ದಾಗಲೂ ನಿಧಾನವಾಗಿ ಏಳುತ್ತದೆ. ಟೊಮೆಟೊ ಚೆನ್ನಾಗಿ ಮೊಳೆಯಲು 20 ಡಿಗ್ರಿ ದಾಟಿದರೆ ಒಳ್ಳೆಯದು. ಲೆಟಿಸ್ ಇದಕ್ಕೆ ತದ್ವಿರುದ್ಧ, ಮಣ್ಣು ಮೂವತ್ತು ಡಿಗ್ರಿ ದಾಟಿದರೆ ಏಳುವುದೇ ಅನುಮಾನ. ಮೆಣಸು ಮೊಳೆಯುವುದೂ ತಡ, ಬೆಳೆಯುವುದೂ ತಡ. ಟ್ರೇಯಲ್ಲಿ ಬೀಜ ಹಾಕಿ ಸಸಿ ನೆಲಕ್ಕಿಳಿಸುವಷ್ಟಾಗಲು ಎಂಟು ಹತ್ತು ವಾರ ಬೇಕಾಗಬಹುದು. ಹಾಗಾಗಿ ಮೆಣಸಿನ ತೀರ್ಮಾನ ಚಳಿ ಇರುವಾಗಲೇ ಆಗಿಬಿಡಬೇಕು. ಮೂಲಂಗಿ, ಕ್ಯಾರೆಟ್‌ಗೆ ಈ ಟ್ರೇ ಉಪಚಾರವೇ ಬೇಡ. ಕಿತ್ತು ನೆಟ್ಟರೆ ಅವಕ್ಕೆ ಸರಿಹೋಗುವುದಿಲ್ಲ, ಗೆಡ್ಡೆ ಸೊಟ್ಟ ಮಾಡಿಕೊಂಡು ಸೇಡು ತೀರಿಸಿಕೊಳ್ಳುತ್ತವೆ.

ಜಾಗ ಚಿಕ್ಕದಿದ್ದರೆ ನನ್ನ ಲೆಕ್ಕ ಇಷ್ಟೇ. ಆಲೂಗಡ್ಡೆ, ಈರುಳ್ಳಿ ವಾರಗಟ್ಟಲೆ ಕೆಡದೆ ಇರುತ್ತವೆ. ಯಾರು ಬೆಳೆದರೇನು, ಎಲ್ಲಿಂದ ಬಂದರೇನು? ಕಿತ್ತ ಗಳಿಗೆಯಿಂದಲೇ ಬಾಡಲು ಶುರುವಾಗುವ ಸೊಪ್ಪಿಗೆ ಪಾತಿ ಕೊಡಬೇಕು. ಕೊತ್ತಂಬರಿಯನ್ನು ತಂಪು ಇರುವಾಗಲೇ ಬಿತ್ತಬೇಕು. ಬಿಸಿಲು ಏರಿತೆಂದರೆ ಎಲೆ ಬಿಡುವುದನ್ನು ಮರೆತು ಹೂವಿಗೆ ಹೊರಟುಬಿಡುತ್ತದೆ. ಮನೆಯವರು ಯಾರೂ ಮುಟ್ಟದ ತರಕಾರಿಯನ್ನು, ಚಿತ್ರ ಎಷ್ಟೇ ಚೆಂದವಿರಲಿ, ಪಟ್ಟಿಯಿಂದ ಹೊಡೆದುಹಾಕಿ. ಆದರೆ ಒಂದು ಮೊಳ ಜಾಗವನ್ನು ಯಾವ ಲೆಕ್ಕಕ್ಕೂ ಸಿಗದ ಆಸೆಗೆ ಅಂತ ಬಿಡಬೇಕು. ಅಲ್ಲಿ ಚೆಂಡುಹೂವೋ ಸೂರ್ಯಕಾಂತಿಯೋ, ಏನಾದರೂ ಇರಲಿ. ಯಾಕೆ ಅಂತ ಯಾರೂ ಕೇಳಬಾರದು.

ಪುದೀನವನ್ನು ಮಾತ್ರ ಕುಂಡದಲ್ಲೇ ಇಡಿ. ಪಾತಿಗೆ ಬಿಟ್ಟರೆ ಮಣ್ಣಿನೊಳಗೇ ಕವಲು ಓಡಿಸಿ ಇಡೀ ಜಾಗಕ್ಕೆ ಖಾತೆ ಮಾಡಿಸಿಕೊಳ್ಳುತ್ತದೆ. ಆಮೇಲೆ ಬರುವ ವರ್ಷ ಏನು ನೆಡೋಣ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದೇ ತೀರ್ಮಾನ ಮಾಡಿಯಾಗಿರುತ್ತದೆ.