ಸುಮ್ನೆ ದನ ಬಿಟ್ಟರೆ ಆಗಲ್ಲ

ಸರ್ಕಾರಿ ಜಮೀನಿನಲ್ಲಿ ದನ ಮೇಯಿಸಿದರೆ ಕಾಡ್ಗಿಚ್ಚಿನ ಕಾಟ ತಪ್ಪುತ್ತದೆ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಒಣಹುಲ್ಲು ಮೊಣಕಾಲುದ್ದ ನಿಂತಿದ್ದರೆ ಒಂದು ಕಿಡಿ ಸಾಕು, ಬೆಂಕಿ ಗಾಳಿ ಜೊತೆ ಓಡುತ್ತದೆ. ಅದೇ ಹುಲ್ಲನ್ನು ದನ ಮೇಯ್ದು ನಾಲ್ಕು ಬೆರಳಷ್ಟು ಉಳಿಸಿದ್ದರೆ ಜ್ವಾಲೆ ಗಿಡ್ಡವಾಗುತ್ತದೆ, ನಂದಿಸುವವರು ಹತ್ತಿರ ಹೋಗಬಹುದು.

ಆದರೆ ಯಾವ ಪ್ರಾಣಿ, ಯಾವಾಗ ಅನ್ನೋದು ಮುಖ್ಯ ಅಲ್ವಾ? ದನಕ್ಕೆ ಹುಲ್ಲೇ ಇಷ್ಟ, ಪೊದೆ ಕಡೆ ಅಷ್ಟಾಗಿ ಹೋಗುವುದಿಲ್ಲ. ಪೊದೆಗೆ ಮೇಕೆನೇ ಸರಿ, ಹಿಂಗಾಲ ಮೇಲೆ ನಿಂತು ಕೊಂಬೆ ಎಳೆದು ತಿನ್ನುತ್ತದೆ, ಹಾಗಾಗಿ ನೆಲದ ಬೆಂಕಿ ಮರದ ತುದಿಗೆ ಹತ್ತುವ ಏಣಿಯೇ ಮುರಿಯುತ್ತದೆ. ಬಿದ್ದ ಒಣ ದಿಮ್ಮಿಗಳನ್ನು ಮಾತ್ರ ಯಾವುದೂ ತಿನ್ನಲ್ಲ ಬಿಡಿ.

ಅಮೆರಿಕದ ನೆವಾಡಾ, ಐಡಾಹೊ ಕಡೆಯ ಚೀಟ್‌ಗ್ರಾಸ್ ನೋಡಿ. ಹೊರಗಿನಿಂದ ಬಂದು ಬೇರೂರಿದ ಹುಲ್ಲು. ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಹಸಿರಾಗಿ, ಬೇಸಿಗೆ ಶುರುವಾಗುವಾಗಲೇ ಒಣಗಿ ಕಾಗದದ ಹಾಗೆ ಉರಿಯುತ್ತದೆ. ಹಸಿರಿದ್ದಾಗ ದನ ತಿನ್ನುತ್ತದೆ. ತೆನೆ ಬಲಿತು ಮುಳ್ಳಿನಂತೆ ಬಾಯಿಗೆ ಚುಚ್ಚತೊಡಗಿದರೆ ಅದನ್ನು ಬಿಟ್ಟು ಪಕ್ಕದಲ್ಲಿರುವ ಅಲ್ಲಿನದೇ ಹಳೆಯ ಹುಲ್ಲಿಗೆ ಬಾಯಿ ಹಾಕುತ್ತದೆ, ಅದು ಸೊರಗಿದರೆ ಖಾಲಿಯಾದ ಜಾಗಕ್ಕೆ ಮತ್ತೆ ಚೀಟ್‌ಗ್ರಾಸೇ ನುಗ್ಗುತ್ತದೆ. ಜಾಸ್ತಿ ಮೇಯಿಸಿದರೆ ಮುಂದಿನ ಬೆಂಕಿಗೆ ನಾವೇ ಸೌದೆ ಒಟ್ಟಿದ ಹಾಗೆ.

ಇನ್ನು ಜೋರು ಗಾಳಿಯ ದಿನ ಮೇಯ್ದ ಪಟ್ಟಿಯನ್ನೂ ಕಿಡಿ ಹಾರಿ ದಾಟುತ್ತದೆ. ದನ ಬಿಡಿ ಅಂದಿರಿ, ಯಾವ ತಿಂಗಳು ಬಿಡಬೇಕು, ಯಾವಾಗ ಹೊರಗೆ ಅಟ್ಟಬೇಕು ಅಂತ ಒಂದು ಸಾಲೂ ಬರೆದಿಲ್ಲವಲ್ಲ?