ಪರೀಕ್ಷೆಗೆ ಅಷ್ಟು ಸಾಕಂತೆ!

ಅಕ್ಕನ ಮಗ ನಿನ್ನೆ ವಿನೋಬನಗರದ ಪಾಶ್ಚಾತ್ಯ ಸಂಗೀತದ ಪಾಠದಿಂದ ಬಂದವನೇ, "ಮಾವ, ಫಿಗರ್ಡ್ ಬೇಸ್ ಮುಗೀತು" ಅಂದ. ಅಂದ್ರೆ, ಬೇಸ್ ಅನ್ನೋ ಎಲ್ಲಕ್ಕಿಂತ ಕೆಳಗಿನ ಸ್ವರಸಾಲಿಗೆ ಅಂಕಿ ಹಾಕಿ, ಅದರ ಮೇಲೆ ಯಾವ ಸ್ವರ ಒತ್ತಬೇಕು ಅಂತ ತಿಳಿಸೋ ಪದ್ಧತಿ. ನೋಟ್‌ಬುಕ್ ನೋಡಿದೆ. ಕೆಂಪು ಚೌಕದೊಳಗೆ ಮುದ್ದಾದ ಅಕ್ಷರ: '6 ಇದ್ದರೆ ಫಸ್ಟ್ ಇನ್ವರ್ಷನ್. 6, 4 ಇದ್ದರೆ ಸೆಕೆಂಡ್. 4-3 ಬಂದರೆ ಸಸ್ಪೆನ್ಷನ್ ಎಂದು ಬರೆಯಿರಿ.' (ಕಾರ್ಡ್ ಅಂದ್ರೆ ಒಟ್ಟಿಗೆ ಒತ್ತೋ ಸ್ವರಗಳ ಗುಂಪು. ಅದರ ಮೂಲ ಸ್ವರ ಬಿಟ್ಟು ಬೇರೊಂದು ಕೆಳಗೆ ಬಂದರೆ ಇನ್ವರ್ಷನ್. ಹಿಂದಿನ ಕಾರ್ಡಿನ ಸ್ವರ ಮುಂದಿನದರಲ್ಲೂ ತಡೆದು ನಿಂತು ಆಮೇಲೆ ಇಳಿದರೆ ಸಸ್ಪೆನ್ಷನ್.)

ಬರೆಯಿರಿ! ನುಡಿಸಿ ಅಂತ ಎಲ್ಲೂ ಇಲ್ಲ.

"ಪಂಚಮದ ಕೆಳಗೆ 4-3 ಇದೆ, ಯಾವ ಸ್ವರ ಒತ್ತುತ್ತೀಯೋ?" ಅಂದೆ. "ಮ, ಆಮೇಲೆ ಗ" ಅಂದ, ಒಂದಿಷ್ಟೂ ಅನುಮಾನವಿಲ್ಲದೆ. ಷಡ್ಜದಿಂದ ಎಣಿಸಿದ್ದಾನೆ! ಬೇಸ್ ಯಾವ ಸ್ವರವೋ ಅಲ್ಲಿಂದಲೇ ಎಣಿಸಬೇಕು ಅನ್ನೋ ಮೊದಲ ಮಾತನ್ನೇ ಯಾರೂ ಹೇಳಿಲ್ಲ. ಪ ದ ನಿ ಸ. ನಾಲ್ಕನೆಯದು ಸ, ಮೂರನೆಯದು ನಿ. ಇಷ್ಟಕ್ಕೆ ತಿಂಗಳಿಗೆ ಅಷ್ಟು ಫೀಸು. (ಹೊಟ್ಟೆಕಿಚ್ಚು ಅಂತೀರಾ? ಹೌದು, ಸ್ವಲ್ಪ ಇದೆ. ನನ್ನ ಹಾರ್ಮೋನಿಯಂ ಪಾಠಕ್ಕೆ ಜನ ಬಾಳೆಗೊನೆ ತಂದು ಕೊಟ್ಟು ಹೋಗ್ತಾರೆ.)

ಅಷ್ಟರಲ್ಲಿ ಕರೆಂಟ್ ಹೋಯ್ತು, ಮಳೆಗಾಲ ನೋಡಿ. ಒಳ್ಳೇದೇ ಆಯ್ತು. ಕೀಬೋರ್ಡ್ ಬದಿಗಿಟ್ಟು ಹಾರ್ಮೋನಿಯಂ ಎಳೆದೆ, ಹುಡುಗನಿಗೆ ತಿದಿ ಒತ್ತೋಕೆ ಹೇಳಿ ಎರಡೂ ಕೈ ಇಟ್ಟೆ. ಮೊದಲು ಸ-ಗ-ಪ, ಅಲ್ಲಿ ಸ ನೆಮ್ಮದಿಯಾಗಿದೆ. ಎಡಗೈ ಮಂದ್ರ ಪಂಚಮಕ್ಕೆ ಇಳೀತು, ಗ ಹೋಗಿ ರಿ ಆಯ್ತು, ಸ ಮಾತ್ರ ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಮೊದಲನೇ ಪಂಕ್ತಿ ಎದ್ದು ಎರಡನೆಯದಕ್ಕೆ ಎಲೆ ಹಾಕ್ತಿದ್ರೂ ಪಾಯಸಕ್ಕೆ ಕಾಯ್ತಾ ಕೂತಿರ್ತಾನಲ್ಲ ಒಬ್ಬ, ಹಾಗೆ. ಸ-ರಿ ಒಂದಕ್ಕೊಂದು ಉಜ್ಜುತ್ತೆ, ಅದೂ ಸರಿಯಾಗಿ ತಾಳದ ಪೆಟ್ಟಿನ ಮೇಲೆ. ಆಮೇಲೆ ಒಂದೇ ಮೆಟ್ಟಿಲು ಇಳಿದು ನಿ. ಹುಡುಗ ತಿದಿ ಒತ್ತೋದು ಬಿಟ್ಟು, "ಓ, ಇದಾ!" ಅಂದ. ಇದೇ ಕಣೋ! ಆ ಸ ಹಿಂದಿನ ಕಾರ್ಡಿನಿಂದಲೇ ಹಿಡಿದು ಬರಬೇಕು. ಎಲ್ಲಿಂದಲೋ ತಂದು ಒತ್ತಿದರೆ ಅದು ಸಸ್ಪೆನ್ಷನ್ ಅಲ್ಲ.

ಈ ಅಂಕಿಗಳನ್ನ ಯಾವ ಪೇಪರ್ ಸೆಟ್ ಮಾಡೋರೂ ಹುಟ್ಟಿಸಿದ್ದಲ್ಲ. ಇಟಲಿಯ ಸಂಗೀತಗಾರ ವಿಯಾಡಾನ 1602ರಲ್ಲಿ ವೆನಿಸ್‌ನಲ್ಲಿ ಬೇಸ್ ಸಾಲು ಇಟ್ಟುಕೊಂಡು ಹಾಡುಗಳನ್ನ ಅಚ್ಚು ಹಾಕಿಸಿದಾಗ, ಆರ್ಗನ್ ನುಡಿಸೋನಿಗೆ ಸಿಗ್ತಿದ್ದದ್ದು ಕೆಳಗಿನ ಒಂದು ಸಾಲು ಮಾತ್ರ. ಮೇಲಿನದ್ದನ್ನೆಲ್ಲ ಅವನೇ ಕೂತಲ್ಲೇ ತುಂಬಬೇಕಿತ್ತು. ತುಂಬೋನಿಗೆ ಸುಳಿವು ಕೊಡೋಕೆ ಬಂದದ್ದು ಅಂಕಿ. 1762ರಲ್ಲಿ ಜರ್ಮನಿಯ ಸಂಗೀತಗಾರ ಸಿ.ಪಿ.ಇ. ಬಾಖ್ ಕೀಬೋರ್ಡ್ ನುಡಿಸೋ ಕಲೆಯ ಬಗೆಗಿನ ತನ್ನ ಗ್ರಂಥದ ಎರಡನೇ ಭಾಗ ಬರೆದದ್ದೂ ಇದೇ ಕೈಕೆಲಸ ಕಲಿಸೋಕೆ. ನಮ್ಮ ಹುಡುಗರಿಗೋ ಅದು ಎರಡು ಮಾರ್ಕಿನ ಪ್ರಶ್ನೆ.

"ಪರೀಕ್ಷೆಗೆ ಅಷ್ಟು ಸಾಕಲ್ವಾ ಮಾರಾಯಾ?" ಅಂತ ಭಾವ ಫೋನಲ್ಲಿ ಅಂದ್ರು. ಸಾಕು ಬಿಡಿ, ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ. ಇನ್ನು "ನಮ್ಮ ಸಂಗೀತದಲ್ಲಿ ಹಾರ್ಮನಿನೇ ಇಲ್ಲ, ನಮಗ್ಯಾಕೆ ಅದೆಲ್ಲ" ಅನ್ನೋರು ಕಾಮೆಂಟಲ್ಲಿ ಬರ್ತೀರಿ, ಗೊತ್ತು. ಬೇಡ ಅಂದ್ರೆ ಫೀಸು ಯಾಕೆ ಕಟ್ಟಿದ್ರಿ ಸ್ವಾಮಿ?

ಭಾನುವಾರ ಬಾ ಅಂದಿದ್ದೇನೆ. ಇನ್ನೊಂದು ಸಸ್ಪೆನ್ಷನ್, 7-6 ಶುರು. ನೋಟ್‌ಬುಕ್ ತರೋ ಹಾಗಿಲ್ಲ.