ರೈಲು ಬಂತು ಸರಿ, ಬಿಲ್ಲು ಯಾರ ಹೆಸರಿಗೆ?

ಇಲ್ಲಿ ಲಂಡನ್ನಿನಲ್ಲಿ ಸಾಮ್ರಾಜ್ಯದ ಮಾತು ಎಲ್ಲಿಂದ ಶುರುವಾದರೂ ರೈಲಿಗೇ ಬಂದು ನಿಲ್ಲುತ್ತದೆ. ತಪ್ಪುಗಳಾಗಿರಬಹುದು, ರೈಲು ಕೊಟ್ಟೆವಲ್ಲ ಅನ್ನುತ್ತಾರೆ. ಊರಿನ ಹಿರಿಯರಲ್ಲೂ ಇದೇ ಮಾತುಂಟು: 'ಬ್ರಿಟಿಷರ ಕಾಲದ ಸೇತುವೆ ನೋಡ್ರಿ, ಇನ್ನೂ ಗಟ್ಟಿ ಐತಿ.' ಇಬ್ಬರೂ ವಸ್ತು ತೋರಿಸುತ್ತಾರೆ, ಕರಾರುಪತ್ರ ಬಿಚ್ಚುವುದಿಲ್ಲ.

1849ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರೈಲು ಕಂಪನಿಗಳ ಜೊತೆ ಮಾಡಿಕೊಂಡ ಕರಾರಿನಲ್ಲಿದ್ದದ್ದು ಇಷ್ಟು. ಬಂಡವಾಳ ಲಂಡನ್ನಿನ ಷೇರುದಾರರದು. ಜಮೀನು 99 ವರ್ಷಕ್ಕೆ ಪುಕ್ಕಟೆ. ಹಾಕಿದ ದುಡ್ಡಿಗೆ ವರ್ಷಕ್ಕೆ ಶೇಕಡಾ 5ರ ಖಾತ್ರಿ, ಗಳಿಕೆ ಸಾಲದಿದ್ದರೆ ಭಾರತದ ಬೊಕ್ಕಸ ತುಂಬಿಕೊಡಬೇಕು. ಆ ಬೊಕ್ಕಸದಲ್ಲಿ ದೊಡ್ಡ ಪಾಲು ಭೂಕಂದಾಯ.

ಎಡವಟ್ಟಾಗುವುದು ಇಲ್ಲೇ. 100 ಪೌಂಡಿನಲ್ಲಿ ಕಟ್ಟಿದ ಮಾರ್ಗ ವರ್ಷಕ್ಕೆ 3 ಪೌಂಡು ದುಡಿದರೆ ರೈತ ಕಟ್ಟಬೇಕಾದದ್ದು 2. ಅದೇ ಮಾರ್ಗಕ್ಕೆ 200 ಪೌಂಡು ಸುರಿದರೆ ಷೇರುದಾರನಿಗೆ 10, ರೈತನ ತಲೆಗೆ 7. ದುಂದು ಮಾಡಿದವನ ಕೈ ಸುಡುವುದೇ ಇಲ್ಲ! ಆಗಿನ ಗವರ್ನರ್ ಜನರಲ್ ಡಾಲ್‌ಹೌಸಿ ಅಂದಾಜು ಮಾಡಿದ್ದು ಮೈಲಿಗೆ 8,000 ಪೌಂಡು. ಬಿದ್ದ ಖರ್ಚು ಸರಾಸರಿ 18,000ದ ಆಸುಪಾಸು. ಹಣ ಹೂಗ್ಲಿ ನದಿಗೆ ಬಿದ್ದರೂ, ಇಟ್ಟಿಗೆ ಗಾರೆಯಾದರೂ ಬಂಡವಾಳಗಾರನಿಗೆ ಒಂದೇ ಎಂದು ಭಾರತದ ಹಣಕಾಸು ನೋಡಿಕೊಂಡಿದ್ದ ಮ್ಯಾಸಿಯೇ ಆಮೇಲೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಒಪ್ಪಿಕೊಂಡ.

ಷೇರುದಾರನಿಗೆ ಇಷ್ಟು ಧಾರಾಳವಾಗಿದ್ದ ಸರ್ಕಾರ ಬರಗಾಲದಲ್ಲಿ ಗ್ರಾಂ ಗ್ರಾಂ ಲೆಕ್ಕ ಹಿಡಿಯಿತು. 1877ರಲ್ಲಿ ಬರದ ಉಸ್ತುವಾರಿಗೆ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್, ಬರಪರಿಹಾರದ ಕೆಲಸದಲ್ಲಿ ಮಣ್ಣು ಹೊರುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಾಣೆಗೆ ಇಳಿಸಿದ. ಒಂದೂವರೆ ಪೌಂಡಾದರೂ ಬೇಕು, ತರಕಾರಿ ಬೇಳೆಯೂ ಬೇಕು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳಕ್ಕೇ ನಿಂತ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಮೈಸೂರೂ 1831ರಿಂದ ಬ್ರಿಟಿಷ್ ಕಮಿಷನರರ ಕೈಯಲ್ಲೇ ಇತ್ತು. ಅಲ್ಲಿಯ ಜನಸಂಖ್ಯೆ 1871ರಲ್ಲಿ 50.5 ಲಕ್ಷ, 1881ರಲ್ಲಿ 41.8 ಲಕ್ಷ. ಮಳೆ ತಪ್ಪಿಸಿದ್ದು ಸರ್ಕಾರವಲ್ಲ, ಒಪ್ಪೋಣ. ಕೂಲಿ ಇಳಿಸಿದ್ದು ಸರ್ಕಾರವೇ.

ಬ್ರಿಟಿಷರಿಗೆ ತಾವು ಕೊಟ್ಟ ಮಾತು ಉಳಿಸಿಕೊಳ್ಳುವುದು ಗೊತ್ತಿಲ್ಲ ಅನ್ನುವಂತಿಲ್ಲ. 1833ರಲ್ಲಿ ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡು ಪರಿಹಾರ ಕೊಟ್ಟರು, ಯಜಮಾನರಿಗೆ. ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಗುಲಾಮರಾಗಿದ್ದವರಿಗೆ ಚಿಕ್ಕಾಸೂ ಇಲ್ಲ.

ಹಾಗಾದರೆ ನಮ್ಮ ಅರಸರೇನು ಓಟು ಹಾಕಿಸಿಕೊಂಡು ಬಂದವರೇ ಎಂದು ಕೇಳುವವರಿದ್ದಾರೆ. ಇಲ್ಲ, ಅದು ನ್ಯಾಯವಾದ ಪ್ರಶ್ನೆ. ಅರಸ ಒಳ್ಳೆಯವನೇ ಆಗಬೇಕಿಲ್ಲ. ಆದರೆ ನಷ್ಟ ಹೊರುವವನಿಗೆ ಕೇಳುವ ಜಾಗವೇ ಇಲ್ಲದಂತೆ, ಆರು ಸಾವಿರ ಮೈಲಿ ಆಚೆಯ ಷೇರುದಾರನಿಗೆ ಕಟ್ಟಿಟ್ಟ ಆದಾಯ ಕೊಡುವ ಆಳ್ವಿಕೆಯನ್ನು ಎಷ್ಟು ಸೇತುವೆ ತೋರಿಸಿದರೂ ಸಮರ್ಥಿಸಲಾಗದು. ಮೈಸೂರು ಅರಸರ ಕೈಗೆ ಮರಳಿದ 1881ರಲ್ಲೇ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಅದಕ್ಕೆ ಅಧಿಕಾರವಿರಲಿಲ್ಲ, ಅಹವಾಲು ಹೇಳಬಹುದಿತ್ತು ಅಷ್ಟೆ. ಅದೇ ವರ್ಷದ ಹಸ್ತಾಂತರ ಪತ್ರದಲ್ಲಿ ಮೈಸೂರು ಬ್ರಿಟಿಷರಿಗೆ ಕೊಡುವ ವರ್ಷದ ಕಪ್ಪವನ್ನು 24.5 ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿಸಲಾಗಿತ್ತು. ಬರದಿಂದ ಬಸವಳಿದ ಸಂಸ್ಥಾನವೆಂದು ಏರಿಕೆಯನ್ನು ಮುಂದೂಡಿ, 1896ರಿಂದ ವಸೂಲಿಗೆ ಹಿಡಿದರು.